ಬರೀ ಬೂದು

ಬಾರ್ನ್‌ಸ್ಲಿಯ ಮಾರುಕಟ್ಟೆ ಹಿಂದಿನ ಗಲ್ಲಿ. ಫೆಬ್ರವರಿ.
ಅಂಗಡಿಯ ಹಲಗೆಯನ್ನು ‘ಮುಚ್ಚಿದೆ’ಗೆ ತಿರುಗಿಸಿ
ಪ್ರಿಂಟರ್ ಮುಂದೆ ಕೂತೆ.
ಎಂಟು ಕುಡಿಕೆ ಶಾಯಿ ಅದರ ಹೊಟ್ಟೆಯಲ್ಲಿ.
ನನಗೆ ಬೇಕಾದದ್ದು ಬರೀ ಬೂದು.

ಕಪ್ಪು ಬಿಳುಪು ತಾನೆ, ಅದೇನು ಮಹಾ, ಎಂದು
ರಾಯ್‌ಸ್ಟನ್ ಮಿಕಲ್‌ತ್ವೇಟರಿಗೆ ಸೋಮವಾರ ಮಾತು ಕೊಟ್ಟಾಗಿತ್ತು.
ಅರವತ್ತೊಂಬತ್ತರ ನೆಗೆಟಿವ್:
ಅಂಗೈ ಮೇಲೆ ಪಾರಿವಾಳ, ಹಿಂದೆ ಗೂಡಿನ ಹಲಗೆ,
ಅಂಚಿನಲ್ಲಿ ಅರ್ಧಕ್ಕೆ ಕಡಿದುಹೋದ ಹೆಂಗಸಿನ ತೋಳು.
ಫ್ರಾನ್ಸಿನಿಂದ ಕಡಲು ದಾಟಿ ಬಂದು
ಪಂದ್ಯ ಗೆದ್ದ ಹಕ್ಕಿಯಂತೆ ಅದು.

ಮೊದಲ ಹಾಳೆಯಲ್ಲಿ ಹಕ್ಕಿಗೆ ಜ್ವರ. ನಸುಗೆಂಪು.
ಮಜೆಂಟಾ ಮೂರಂಶ ಇಳಿಸಿದೆ.
ಎರಡನೆಯದು ಪಾಚಿಗಟ್ಟಿತು.
ಸಿಟ್ಟು ಬಂದು ‘ಕಪ್ಪು ಮಾತ್ರ’ ಒತ್ತಿದೆ, ಉಳಿದ ಏಳನ್ನೂ ಹೊರಗಟ್ಟಿ.
ಬಣ್ಣವೇನೋ ತೊಲಗಿತು,
ಆಕಾಶದ ತುಂಬ ಮೆಣಸಿನ ಪುಡಿ ಚೆಲ್ಲಿತು.
ಒಂಟಿ ಕಪ್ಪಿಗೆ ತೆಳುವಾಗಲು ಬರುವುದಿಲ್ಲ,
ಚುಕ್ಕಿ ಇಡುತ್ತದೆ, ಇಲ್ಲವೇ ಬಿಡುತ್ತದೆ.
ನುಣುಪು ಬೇಕೇ, ಬಣ್ಣಗಳನ್ನೇ ಮತ್ತೆ ಕರೆಯಬೇಕು,
ಮಾತು ಬಿಟ್ಟ ದಾಯಾದಿಗಳನ್ನು ಒಂದೇ ಪಂಕ್ತಿಗೆ ಕೂರಿಸಿದಂತೆ.
ಒಬ್ಬನಿಗೆ ಒಂದು ತೊಟ್ಟು ಹೆಚ್ಚು ಬಡಿಸಿದರೂ
ಇನ್ನೊಬ್ಬ ಎಲೆ ಬಿಟ್ಟೇಳುತ್ತಾನೆ.

ನಮ್ಮ ಮಾತಿನಲ್ಲಿ ಬೂದಿಯ ಮಗ್ಗುಲಲ್ಲೇ ಬೂದು.
ಒಲೆಯಲ್ಲಿ ಕೆಂಪು, ಹಳದಿ, ಒಮ್ಮೊಮ್ಮೆ ನೀಲಿ,
ಎಲ್ಲ ಉರಿದು ಮುಗಿದ ಮೇಲೆ ಉಳಿದದ್ದು.
ಇಲ್ಲಿ ಉರಿಯುತ್ತಿದ್ದುದು ನನ್ನ ಕಾಸು,
ಹಾಳೆಗೆ ಒಂದು ಪೌಂಡ್ ನಲವತ್ತು.

ಏಳನೆಯದು ಮೇಜಿನ ದೀಪದಡಿ ಅಪ್ಪಟ ಬೂದು.
ಒಣಗಲೆಂದು ಬಿಟ್ಟು ಮನೆಗೆ ಹೋದೆ, ಚೆನ್ನಾಗಿ ನಿದ್ದೆ ಮಾಡಿದೆ.
ಬೆಳಿಗ್ಗೆ ಕಿಟಕಿಗೆ ಹಿಡಿದರೆ ಬಣ್ಣ ಬಯಲು: ನೇರಳೆ.
ಹಿಂದಿನ ಕೋಣೆಯ ಟ್ಯೂಬ್‌ಲೈಟಿನಡಿ: ಹಸಿರು.
ವಕೀಲ ಬದಲಾದಂತೆ ಮಾತು ಬದಲಿಸುವ ಸಾಕ್ಷಿ.
ಬುಟ್ಟಿಗೆ ಎಸೆದೆ.

ಆಮೇಲೆ ಹೊಳಪಿಲ್ಲದ ಹತ್ತಿ ಕಾಗದ,
ಬಿಳಿಯಿಂದ ಕಪ್ಪಿಗಿಳಿಯುವ ಇಪ್ಪತ್ತೊಂದು ಮೆಟ್ಟಿಲ ಪಟ್ಟಿ,
ಅಳೆದು, ತಿದ್ದಿ, ಮತ್ತೆ ಅಳೆದು
ಹದಿಮೂರನೆಯದು.
ಎಲ್ಲಿ ಹಿಡಿದರೂ ಬೂದು. ಗಲ್ಲಿಯಲ್ಲೂ. ಬಸ್ಸಿನಲ್ಲೂ.

ಶುಕ್ರವಾರ ಬಂದರು, ಕೋಲೂರುತ್ತ.
ಮುಂಗೈ ತುಂಬ ನೀಲಿ ಗೆರೆ,
ಗಾಯದೊಳಗೆ ಸೇರಿಹೋದ ಕಲ್ಲಿದ್ದಲ ಪುಡಿ.
ಅಲ್ಲಿಗೆ ಇದ್ದಿಲೂ ಬರೀ ಕಪ್ಪಲ್ಲ.
ನನ್ನ ಸಾಹಸವನ್ನೆಲ್ಲ ಕೇಳಿ ನಕ್ಕುಬಿಟ್ಟರು.

‘ನನಗೆ ಹಸಿರೂ ಕೆಂಪೂ ಒಂದೇ, ಮಗಳೆ.
ಅದಕ್ಕೇ ರೈಲಿನವರು ಬೇಡ ಎಂದರು, ಗಣಿ ಬಾ ಎಂದಿತು.
ಈ ಹಕ್ಕಿಯ ಕೊರಳು ನನಗೆ ಯಾವತ್ತೂ ಬೂದೇ.
ವಿನಿ ಹೇಳುತ್ತಿದ್ದಳು, ಇತ್ತ ತಿರುಗಿದರೆ ಹಸಿರು,
ಅತ್ತ ತಿರುಗಿದರೆ ನೇರಳೆ ಅಂತ.
ಛೇಡಿಸುತ್ತಾಳೆ ಅಂದುಕೊಂಡಿದ್ದೆ.
ಇದರಲ್ಲಿ ಅದು ಬಂದಿದೆಯೇ?’

ಬುಟ್ಟಿಗೆ ಕೈ ಹಾಕಿ
ಏಳನೆಯದನ್ನು ತೆಗೆದು ಸುಕ್ಕು ಬಿಡಿಸಿ ಕೊಟ್ಟೆ.

ಕಿಟಕಿಗೆ ಒಯ್ದರು. ‘ಈಗ?’
ನೇರಳೆ.
ನಿಧಾನ ನಡೆದು ಟ್ಯೂಬ್‌ಲೈಟಿನಡಿ ನಿಂತರು. ‘ಈಗ?’
ಹಸಿರು.
ಮತ್ತೆ ಕಿಟಕಿ. ಮತ್ತೆ ಒಳಗೆ.
ಪಾಸ್‌ಪೋರ್ಟ್ ಫೋಟೋಗೆ ಬಂದ ಹುಡುಗಿ
ಬಾಗಿಲಲ್ಲೇ ನಿಂತು ನೋಡುತ್ತಿದ್ದಳು.

ಹಕ್ಕಿಯಷ್ಟೇ ಅಲ್ಲ,
ಗೂಡಿನ ಹಲಗೆ, ಮೋಡ, ಅಂಚಿನ ತೋಳು,
ಎಲ್ಲವೂ ಜೊತೆಗೇ ಬಣ್ಣ ತಿರುಗುತ್ತಿದ್ದುದನ್ನು
ನಾನು ಹೇಳಲಿಲ್ಲ.
‘ಈಗ?’ ಎಂದಾಗಲೆಲ್ಲ
ಕೊರಳನ್ನಷ್ಟೇ ನೋಡಿ ಉತ್ತರ ಕೊಟ್ಟೆ.