ಎರಡು ಸೆಕೆಂಡು

ಮೊದಲು ಈ ಚಿಪ್ಪಿಗೆ ಗೊತ್ತಿದ್ದದ್ದು ಒಂದೇ ಕಸುಬು:
ತ್ರಿಕೋನ.
ಕುದುರೆಯ ಕತ್ತು, ಕೋಟೆಯ ಗೋಡೆ, ಆಟದೊಳಗಿನ ಬೆಂಕಿ
ಎಲ್ಲ ಚೂರು ಚೂರು ತ್ರಿಕೋನ.
ನಾನು ಡ್ರೈವರ್ ಬರೆಯುವವಳು,
ಆಟದ ಮಾತು ಚಿಪ್ಪಿಗೆ, ಚಿಪ್ಪಿನ ಗೊಣಗು ಆಟಕ್ಕೆ
ದಾಟಿಸುವ ದುಭಾಷಿ.

ಆಗ ಒಂದು ಸಾಲು ಬರೆದಿದ್ದೆ:
ಎರಡು ಸೆಕೆಂಡು ಉತ್ತರ ಬಾರದಿದ್ದರೆ
ಸತ್ತಿತೆಂದೇ ತಿಳಿ. ನೆನಪೆಲ್ಲ ಒರೆಸಿ ಎಬ್ಬಿಸು.
ತಪ್ಪೇನಿರಲಿಲ್ಲ.
ಪರದೆ ಅಷ್ಟು ಹೊತ್ತು ನಿಂತರೆ
ಆಡುವ ಹುಡುಗ ಮೇಜು ಗುದ್ದುತ್ತಾನೆ.

ಈಗ ಯಾರು ಯಾರೋ ಬರುತ್ತಾರೆ.
ವೀಗೋದಿಂದ ಒಬ್ಬಳು,
ಪ್ರೋಟೀನು ಹೇಗೆ ಮಡಚಿಕೊಳ್ಳುತ್ತದೆಂದು ಕೇಳುವವಳು.
ಹವಾಮಾನದವರಿಗೆ ನಾಳೆಯ ಅಲೆಯ ಎತ್ತರ ಬೇಕು.
ತ್ರಿಕೋನ ಬೇಡ, ಪರದೆಯೂ ಬೇಡ.
ನೆನಪಿನ ವಿಳಾಸ ಕೊಡು, ಆಮೇಲೆ ಅಡ್ಡ ನಿಲ್ಲಬೇಡ.
ಯಾವ ಬಣ್ಣದ ಮೇಲೆ ಯಾವ ಬಣ್ಣ,
ಯಾವುದು ಮುಂದೆ, ಯಾವುದು ಮರೆಗೆ,
ನನ್ನ ಹದಿನೆಂಟು ವರ್ಷದ ಜಾಣತನ ಅವರಿಗೆ ಬರೀ ಭಾರ.
ಮೂವತ್ತು ಸಾವಿರ ಸಾಲು ಕಿತ್ತೆ ಈ ಚಳಿಗಾಲ.
ಹಲ್ಲು ಕಿತ್ತ ಹಾಗೆ:
ನಾಲಿಗೆ ಇನ್ನೂ ಅಲ್ಲಿಗೇ ಹೋಗುತ್ತದೆ.

ಆದರೆ ಆ ಒಂದು ಸಾಲು?
ವೀಗೋದವಳ ಲೆಕ್ಕ ನಲವತ್ತು ನಿಮಿಷದ್ದು.
ಎರಡನೇ ಸೆಕೆಂಡಿಗೆ ಕೊಲ್ಲುತ್ತೇನೆ. ಮತ್ತೆ ಕೊಲ್ಲುತ್ತೇನೆ.
ಪತ್ರದಲ್ಲಿ ಅವಳು ಬೈಯುವುದಿಲ್ಲ, ಅದೇ ಕಷ್ಟ.
ಮಿತಿ ತೆಗೆದರೋ,
ನಿಜಕ್ಕೂ ಸತ್ತದ್ದರ ಎದುರು ಬೆಳಗಿನವರೆಗೆ ಕೂರಬೇಕು.
ದುಡಿಯುತ್ತಿರುವುದೂ ಸತ್ತದ್ದೂ
ಹೊರಗಿನಿಂದ ಒಂದೇ ಮೌನ.

ಶುಕ್ರವಾರ ರಜೆ ಹಾಕಿ ಮಾಲ್ಪಿಕಾಕ್ಕೆ ಹೋದೆ.
ತಮ್ಮ ಬ್ರೆಯಿಶೊ ಬಂಡೆಯ ಬುಡದಲ್ಲಿ
ಪೆರ್ಸೆಬೆ ಚಿಪ್ಪು ಕೆರೆಯುತ್ತಿದ್ದ, ಸೊಂಟಕ್ಕೆ ಹಗ್ಗ.
ಹಗ್ಗದ ಈ ತುದಿ ಮುದುಕಿ ಒಬ್ದೂಲಿಯಾಳ ಕೈಯಲ್ಲಿ.
ಅಲೆ ಬಂತು.
ಬಂಡೆಯೇ ಇಲ್ಲವಾಯಿತು.
ಅಭ್ಯಾಸಬಲ, ಎಣಿಸಿದೆ: ಒಂದು. ಎರಡು.
ಅವಳು ಎಣಿಸಲಿಲ್ಲ.
ಮಲಗಿದ ಮಗುವಿನ ಹೊದಿಕೆ ಸರಿಪಡಿಸುವಷ್ಟೇ
ಹಗ್ಗ ಜಗ್ಗಿದಳು.
ನೊರೆಯೊಳಗಿಂದ ಒಂದು ಜಗ್ಗು ಹಿಂತಿರುಗಿತು.
"ಇದ್ದಾನೆ" ಅಂದಳು, ಮೂಗು ಒರೆಸಿಕೊಳ್ಳುತ್ತ.

ಸೋಮವಾರ ಆ ಸಾಲು ಅಳಿಸಿದೆ.
ಈಗ ಡ್ರೈವರ್ ಕೇಳುತ್ತದೆ: ಇದ್ದೀಯಾ?
ಇದ್ದರೆ, ಎಲ್ಲಿದ್ದೀಯೋ ಅಲ್ಲೇ ಗುರುತು ಹಾಕಿ
ಒಂದು ಗಳಿಗೆ ಮೇಲೆ ಬಾ,
ಪರದೆಯವರಿಗೂ ಜಾಗ ಬಿಡು, ಮತ್ತೆ ಇಳಿ.

ಹಳೆಯ ಚಿಪ್ಪುಗಳಲ್ಲಿ ಇದು ಆಗದು.
ಅವಕ್ಕೆ ಸೊಂಟವೇ ಇಲ್ಲ, ಹಗ್ಗ ಎಲ್ಲಿ ಕಟ್ಟಲಿ?
ಅವಕ್ಕೆ ಎರಡನ್ನು ಹತ್ತು ಮಾಡಿದ್ದೇನೆ.
ಕಾರಣ ಬರೆಯುವ ಜಾಗ
ಖಾಲಿ ಬಿಟ್ಟಿದ್ದೇನೆ.