ಚಾವಿ ಬಡಿಯಾಕಿಯ ಡೈರಿ

ಮುಂಜಾನಿ ಆರಕ್ಕ ಕಡ್ಲಿಮಟ್ಟಿ ಬಿಡತೀನಿ.
ಹೆಗಲ ಮ್ಯಾಲ ಸುತ್ತಿಗಿ, ಚೀಲದಾಗ ಎಂಟು ಚಾವಿ,
ಕೆಂಪು ಬಾವುಟ ಒಂದು, ಹಸರ ಬಾವುಟ ಒಂದು,
ಜ್ವಾಳದ ರೊಟ್ಟಿ ಎರಡು, ನಡುವ ಶೇಂಗಾ ಹಿಂಡಿ.
ಹೋಗೂ ಮುಂದ ಎಡಗಡೆ ಹಳಿ,
ಬರೂ ಮುಂದ ಬಲಗಡೆ.
ಸಡ್ಲಾದ ಚಾವಿ ಕಣ್ಣಿಗೆ ಬೀಳಬೇಕು,
ಅದಕ್ಕ ಸಂಬಳ.
ಬ್ಯಾರೇ ಏನರೆ ಬಿದ್ರ ಅದು ಪುಕ್ಕಟೆ.

ಶಿವರಾತ್ರಿ ಮುಗದು ನಾಕು ದಿನಾ ಆತು.
ಥಂಡಿ ಇನ್ನೂ ಕಬ್ಬಿಣದಾಗ ಐತಿ,
ಮುಟ್ಟಿದ್ರ ಬೆರಳು ಜುಂ ಅಂತಾವ.
ಆದ್ರ ಖಡಿ ಕಲ್ಲಿನ ಸಂದ್ಯಾಗ ನೆಗ್ಗಿಲು ಹೂ ಬಿಟ್ಟೈತಿ.
ಚಪ್ಪಲಿ ತೂತು ಮಾಡೂ ಆ ಮುಳ್ಳಿಗೆ
ಇಷ್ಟು ಮೆತ್ತಗಿನ ಹಳದಿ ಯಾರು ಕೊಟ್ರೋ!
ಅದರ ಬಾಜೂಕ ಒಂದು ನೀಲಿ, ಜ್ವಾಳದ ಕಾಳಿಗಿಂತ ತುಸು ದೊಡ್ಡದು:
ವಿಷ್ಣುಕ್ರಾಂತಿ.
ಹೆಸರು ಹೇಳಿಕೊಟ್ಟಾಂವ ಲಾಡ್ಲೆಸಾಬ.

ಇಪ್ಪತ್ತೆಂಟು ವರ್ಷ ಈ ದಾರಿ ತುಳದಾಂವ.
ಗಂಡ ಹೋದ ಮ್ಯಾಲ ಅವನ ನೌಕರಿ ನನಗ ಬಂತು,
ಅವನ ಸುತ್ತಿಗಿನೂ. ಅದರ ಹಿಡಿ ನನ್ನ ಕೈಗೆ ದಪ್ಪ.
ಮೊದಲನೇ ವರ್ಷ ಹಳಿ ಬಿಟ್ಟು ಏನೂ ನೋಡಲಿಲ್ಲ ನಾನು.
ಒಂದಿನ ಸಾಬ ನಿಂತ, ಬೀಡಿ ಹಚ್ಚಿದ, ಅಂದ:
"ಯಮನವ್ವಾ, ಬರೇ ಕಬ್ಬಿಣ ನೋಡಿದ್ರ
ಕಣ್ಣು ಸುಳ್ಳು ಹೇಳಾಕ ಹತ್ತತಾವ.
ನೂರು ಚಾವಿಗೊಮ್ಮೆ ಒಂದು ಹಕ್ಕಿ ನೋಡು.
ಸಡ್ಲಾದದ್ದು ಆಮ್ಯಾಲ ತಾನಾಗೇ ಕಾಣತೈತಿ."

ಹಂಗ ಕಲತದ್ದು:
ತಂತಿ ಮ್ಯಾಲ ಕುಂತಾಗ ನೀಲಕಂಠ ಬರೇ ಮಣ್ಣಿನ ಬಣ್ಣ,
ಹಾರಿದಾಗಷ್ಟ ಇಳಕಲ್ ಸೀರಿ ಘಳಿಗಿ ಬಿಚ್ಚಿದಂಗ.
ಮುತ್ತಲ ಗಿಡಕ್ಕ ಈಗ ಎಲಿ ಒಂದೂ ಇಲ್ಲ,
ಜ್ವಾಳದ ಹಕ್ಕಿ ದಂಡು ಹೂವಿಗೆ ಬಿದ್ದು
ಸಂತ್ಯಾಗ ಜಗಳ ಆಡಿದಂಗ ಆಡತಾವ,
ಮಾರಿಗೆಲ್ಲಾ ಹಳದಿ ಪುಡಿ ಮೆತ್ತಿಕೊಂಡು.
ಹೋಳಿಗೆ ಇದ ಹೂವ ಕುದಿಸತಿದ್ದಳು ನಮ್ಮವ್ವ.
ಈಗೆಲ್ಲಾ ಪೊಟ್ಟಣದ ಬಣ್ಣ.
ಮುಗಳೊಳ್ಳಿ ಹುಡುಗರು ಆಗಲೇ ಹಲಗಿ ಕಾಸ್ಯಾರ,
ಗಾಳಿ ಈ ಕಡೆ ಬೀಸಿದ್ರ
ನನ್ನ ಸುತ್ತಿಗಿ ಅದರ ಪೆಟ್ಟಿಗೆ ಬೀಳತೈತಿ, ನಾಚಿಗಿ ಇಲ್ಲದ್ದು.

ಇವತ್ತು ಏಳನೇ ಕಂಬದ ಹತ್ರ
ಟಿಟ್ಟಿಭ ಒದರಕೋತ ತಲಿ ಮ್ಯಾಲ ತಿರಗಿತು.
ಇಳದು ಬಂದು ಒಂದು ರೆಕ್ಕಿ ಎಳಕೋತ ಕುಂಟಿತು.
ಸುಳ್ಳು ಕುಂಟು. ನನಗ ಗೊತ್ತೈತಿ.
ಎತ್ತಿದ ಕಾಲು ಎತ್ತಿದಲ್ಲೇ ಹಿಡದು ಕೆಳಗ ನೋಡಿದ್ನಿ:
ಖಡಿ ಅಂಚಿಗೆ ನಾಕು ತತ್ತಿ,
ಕಲ್ಲಿನ ನಡುವ ಕಲ್ಲ ಆಗಿ.

ನಾಳೆ ಖಡಿ ಬಿಗಿ ಮಾಡೂ ಮಶೀನು ಬರತೈತಿ,
ಹಳದಿ ಬಣ್ಣದ್ದು, ಓಣಿಯಷ್ಟು ಉದ್ದ.
ಹಳಿ ಮುರದ್ರ, ಗುಡ್ಡ ಜರದ್ರ ಕೆಂಪು ಬಾವುಟ.
ತತ್ತಿಗೆ ಯಾವ ಬಾವುಟ ಅಂತ
ಪುಸ್ತಕದಾಗ ಬರದಿಲ್ಲ.
ದೂರದಿಂದ ಸುಣ್ಣ ಬಡದ ಕಲ್ಲು ನಾಕು ಹೊತ್ತು ತಂದು
ಸುತ್ತ ಇಟ್ಟೆ.
ಸುಣ್ಣದ ಕಲ್ಲು ಅಂದ್ರ ಸಾಹೇಬರ ಅಳತಿ,
ಯಾರೂ ಮುಟ್ಟೂದಿಲ್ಲ.
ಮುಟ್ಟಲಿಕ್ಕಿಲ್ಲ.

ಡೈರ್‍ಯಾಗ ಶುದ್ಧ ಕನ್ನಡದಾಗ ಬರದೆ:
ಸಡಿಲ ಚಾವಿ ಹನ್ನೊಂದು, ಸರಿಪಡಿಸಲಾಗಿದೆ.
ಏಳನೇ ಕಂಬದ ಬಳಿ ನಾಲ್ಕು, ಸುಸ್ಥಿತಿಯಲ್ಲಿವೆ.
ಏನು ನಾಲ್ಕು ಅಂತ ಕೇಳಿದ್ರ ಆವಾಗ ನೋಡೂಣು.

ತಿರುಗಿ ಬರೂ ಮುಂದ ಬಿಸಲು ಏರಿತ್ತು.
ಸೊಲ್ಲಾಪುರ ಗಾಡಿ ಬಂತಂತ ಕೆಳಗ ಇಳದು ನಿಂತೆ.
ನೆಲ ನಡುಗಿತು, ಸೆರಗು ಹಾರಿತು,
ವಿಷ್ಣುಕ್ರಾಂತಿ ಮಲಗಿ ಎದ್ದಿತು.
ಗಾಡಿ ಹ್ವಾದ ಮ್ಯಾಲ ನೋಡತೀನಿ,
ತತ್ತಿ ಮ್ಯಾಲ ಕುಂತಾಕಿ ಕುಂತ ಇದ್ದಳು.
ಇಷ್ಟು ದೊಡ್ಡ ಗಾಡಿಗೆ ಏಳದಾಕಿ
ನಾನೊಂದು ಹೆಜ್ಜಿ ಇಟ್ಟಿದ್ದಕ್ಕ
ಮುಗಲು ಹರಿಯೂವಂಗ ಒದರಿದಳು.