ನುಂಗಿದ ಸಾಲು

ಎಂಟಕ್ಕೆ ಟಿ.ವಿ. ಆರಿಸಿ ಜಪಸರ ಹಿಡಿಯುತ್ತೇವೆ,
ಲಿಂಗರಾಜಪುರದ ಈ ಒಂದೂವರೆ ರೂಮಿನಲ್ಲಿ.
ಹೊರಗೆ ಮೇಲ್ಸೇತುವೆಯ ಹಾರ್ನು,
ಒಳಗೆ ಅತ್ತೆ ಲೂರ್ದಮ್ಮ ಎಣಿಕೆ ತಪ್ಪಿ
ಅದೇ ಹತ್ತು ಮಣಿಯನ್ನು ಎರಡು ಸಲ ಸುತ್ತುತ್ತಾರೆ.
ಯಾರೂ ತಿದ್ದುವುದಿಲ್ಲ.
ಮಾತೆಗೆ ಹತ್ತು ಹೆಚ್ಚಾದರೆ ಯಾರಿಗೆ ನಷ್ಟ.

ಪ್ರತಿ ಹತ್ತಕ್ಕೊಮ್ಮೆ ಪರಲೋಕದ ಜಪ ಬರುತ್ತದೆ.
ಅನ್ನದ ಸಾಲಿನವರೆಗೆ ನನ್ನ ಗಂಡ ಇನ್ನಾಸಪ್ಪನ ದನಿ
ಅವನ ಡಿಪೋದ ಬಸ್ಸಿನಷ್ಟೇ ಗಟ್ಟಿ.
ಆಮೇಲಿನದು ಕ್ಷಮೆಯ ಸಾಲು.
ಅಲ್ಲಿ ಬಾಯಿ ಮುಚ್ಚುತ್ತದೆ,
ಗಂಟಲ ಮಣಿ ಒಮ್ಮೆ ಏರಿ ಇಳಿಯುತ್ತದೆ,
ಶೋಧನೆಯ ಹತ್ತಿರ ಮತ್ತೆ ಸೇರಿಕೊಳ್ಳುತ್ತಾನೆ
ಒಂದು ಸ್ಟಾಪು ನಡೆದು ಮುಂದಿನದರಲ್ಲಿ ಹತ್ತಿದವನ ಹಾಗೆ.

ನಾನು ಮಾತ್ರ ಆ ಸಾಲನ್ನು ಜೋರಾಗಿ ಹೇಳುತ್ತಿದ್ದೆ.
ಅವನಿಗೆ ಕೇಳಲಿ ಅಂತ.
ಗೋಡೆಯಾಚೆಗೂ ಕೇಳಲಿ ಅಂತ.

ಗೋಡೆಯಾಚೆ ಅವನ ಅಣ್ಣ ಚೌರಪ್ಪ.
ಒಂದೇ ಸೈಟು, ಎರಡು ಪಾಲು, ಒಂದೇ ಕಾವೇರಿ ಲೈನು.
ವಾಲ್ವು ಯಾರ ಕಡೆ ಇರಬೇಕು ಎಂಬಲ್ಲಿ ಶುರುವಾದ ಮಾತು
ಸತ್ತ ಮಾವನವರೆಗೂ ಹೋಗಿ ಬಂತು.
ಕ್ರಿಸ್‌ಮಸ್ಸಿಗೆ ಅವರ ಮನೆಯ ಕಲ್‌ಕಲ್ ತಿಂದವರು
ಹೊಸ ವರ್ಷಕ್ಕೆ ಮುಖ ನೋಡಲಿಲ್ಲ.
ಪೂಜೆಯಲ್ಲಿ, ಪರಸ್ಪರ ಶಾಂತಿ ಕೋರಿರೆಂದು ಗುರುಗಳು ಅಂದಾಗ
ಅಣ್ಣ ಬಲಕ್ಕೆ ಕೈಮುಗಿದ, ತಮ್ಮ ಎಡಕ್ಕೆ;
ನಡುವೆ ಬೆಂಚಿನ ಮೇಲೆ
ಯಾರದೋ ಹೆಲ್ಮೆಟ್ಟು ಕೂತಿತ್ತು.

ತಪಸ್ಸುಕಾಲದ ಎರಡನೇ ವಾರ
ನಮ್ಮ ಸೆಲಿನ್, ಆರು ವರ್ಷ, ಜಪದ ನಡುವೆಯೇ ಕೇಳಿದಳು:
"ಅಪ್ಪಾ, ಆ ಸಾಲು ನೀನು ಯಾಕೆ ನುಂಗ್ತೀಯಾ?"
ಕುಕ್ಕರು ಕೂಗಿತು. ಒಂದು. ಎರಡು.
ಅತ್ತೆ ಮಣಿ ಬಿಟ್ಟು ನನ್ನನ್ನು ನೋಡಿದರು, ಮಗನನ್ನಲ್ಲ.
ಮೂರನೆಯದಕ್ಕೆ ಎದ್ದು ಹೋದೆ.

ಗುರುವಾರ ರಾತ್ರಿ ಎರಡೂವರೆಗೆ ನೀರು ಬಂತು.
ವಾಲ್ವು ತಿರುಗಿಸಲು ಹೋದವನು ಬಹಳ ಹೊತ್ತಾದರೂ ಬರಲಿಲ್ಲ.
ಕಿಟಕಿಯಿಂದ ನೋಡಿದೆ:
ಬನಿಯನ್ನಿನಲ್ಲಿ, ಖಾಲಿ ಬಣ್ಣದ ಡಬ್ಬದ ಮೇಲೆ ಹತ್ತಿ ನಿಂತಿದ್ದಾನೆ.
ನಮ್ಮ ಹಸಿರು ಪೈಪು ಗೋಡೆ ದಾಟಿದೆ.
ಆಚೆ ಅವರ ಡ್ರಮ್ಮಿನಲ್ಲಿ ನೀರು ಬೀಳುವ ಸದ್ದು,
ಮೊದಲು ಟೊಳ್ಳು, ಬರುಬರುತ್ತ ದಪ್ಪ.

ಅವರ ಮೋಟರು ಸುಟ್ಟು ನಾಲ್ಕು ದಿನವಾಯಿತೆಂದು
ಇಸ್ತ್ರಿ ಗಾಡಿಯ ಮುನಿರಾಜು ಹೇಳಿದ್ದು ನನಗೆ.
ಕೇಳಿದಾಗ, ನಿಜ ಹೇಳಬೇಕೆಂದರೆ,
ನಾಲಿಗೆಗೆ ರುಚಿಯಾಗಿತ್ತು.
ಊಟದ ಹೊತ್ತಿಗೆ ಇವನಿಗೂ ಬಡಿಸಿದ್ದೆ.

ಬಂದು ಮಲಗಿದ. ಕೈ ತಣ್ಣಗಿತ್ತು.
ನಿದ್ದೆ ಹೋದವಳ ಹಾಗೆ ಉಸಿರಾಡಿದೆ.
ಬೆಳಿಗ್ಗೆ ಅದರ ಮಾತೇ ಇಲ್ಲ;
ಪೈಪು ಸುರುಳಿ ಸುತ್ತಿಕೊಂಡು ತನ್ನ ಮೊಳೆಯಲ್ಲಿ ತೂಗುತ್ತಿತ್ತು.

ಇವತ್ತೂ ಎಂಟಕ್ಕೆ ಕೂತೆವು.
ಅನ್ನದ ಸಾಲು ಬಂತು, ಹೋಯಿತು.
ಅವನು ಇವತ್ತೂ ನುಂಗಿದ.
ಜೋರಾಗಿ ಹೇಳಲು ಹೊರಟ ನನಗೂ ದನಿ ಏಳಲಿಲ್ಲ.
ಸೆಲಿನ್ ಒಬ್ಬಳೇ ಆ ಸಾಲನ್ನು
ಸ್ಕೂಲಿನ ಮಗ್ಗಿಯ ರಾಗದಲ್ಲಿ ದಾಟಿಸಿದಳು.

ಎಲ್ಲರೂ ಮಲಗಿದ ಮೇಲೆ ಅಟ್ಟದಿಂದ ಇಳಿಸಿದೆ
ಕಲ್‌ಕಲ್ ಬಂದಿದ್ದ ಸ್ಟೀಲ್ ಡಬ್ಬಿ.
ಕಂಠದಲ್ಲಿ ಚುಕ್ಕಿ ಚುಕ್ಕಿಯಾಗಿ ಕೊರೆಸಿದ ಹೆಸರು: ಸಹಾಯಮೇರಿ.
ಹೆಸರು ಕಾಣದಂತೆ ಇಷ್ಟು ದಿನ ಗೋಡೆ ಕಡೆ ತಿರುಗಿಸಿಟ್ಟಿದ್ದೆ.

ತೊಳೆದೆ. ಒರೆಸಿದೆ.
ವಾರಗಿತ್ತಿಯ ಪಾತ್ರೆ ಖಾಲಿ ಕೊಡಬಾರದು.
ತಪಸ್ಸುಕಾಲ, ಸಿಹಿ ಮಾಡುವಂತಿಲ್ಲ.
ಹುಣಸೆಹಣ್ಣು? ಹುಳಿ ಸಾಕಾಗಿದೆ.
ಉಪ್ಪು ಬೇಡ, ಜಗಳ ಬರುತ್ತದಂತೆ,
ಬಂದದ್ದೇ ಇನ್ನೂ ಹೋಗಿಲ್ಲ.
ಹುರಿಗಡಲೆ ಇದೆ, ಒಂದು ಹಿಡಿಯಾದೀತು.

ಏನು ಹಾಕಲೆಂದು ತೋಚದೆ
ಬಾಗಿಲ ಬಳಿ, ಚಪ್ಪಲಿಗಳ ಪಕ್ಕ ಇಟ್ಟಿದ್ದೇನೆ.
ಮುಚ್ಚಳದ ಅಂಚು ಇನ್ನೂ ಒದ್ದೆ.